ಇಂಗ್ಲಿಷಿನ ಸಂಬಂಧ ಸರ್ವನಾಮವೂ ಕನ್ನಡದ ಕೃದಂತವೂ

ಕಾವೇರಿಯ ದಡದ ಚುಂಚನಕಟ್ಟೆಯು ಕೋದಂಡರಾಮನ ಗುಡಿಗೂ ಸಂಕ್ರಾಂತಿಯ ಕಾಲದ ದನಗಳ ಜಾತ್ರೆಗೂ ಹೆಸರಾದ ಸ್ಥಳ. ಆ ಜಾತ್ರೆಯ ಮಾತಿನಿಂದಲೇ ವ್ಯಾಕರಣದ ಒಂದು ವಿಷಯವನ್ನು ವಿಚಾರಕ್ಕೆ ತೆಗೆದುಕೊಳ್ಳಬಹುದು. ‘ಎತ್ತನ್ನು ಕೊಂಡ ರೈತ’, ‘ರೈತನು ಕೊಂಡ ಎತ್ತು’, ‘ರೈತನು ಎತ್ತನ್ನು ಕೊಂಡ ಜಾತ್ರೆ’ ಎಂಬ ಮೂರು ಪ್ರಯೋಗಗಳಲ್ಲಿಯೂ ‘ಕೊಂಡ’ ಎಂಬ ಕೃದಂತದ ರೂಪವು ಒಂದೇ. ಆದರೆ ಅದರ ಮುಂದಿನ ನಾಮಪದವು ಮೊದಲನೆಯದರಲ್ಲಿ ಕರ್ತೃ, ಎರಡನೆಯದರಲ್ಲಿ ಕರ್ಮ, ಮೂರನೆಯದರಲ್ಲಿ ಅಧಿಕರಣ. ಈ ಭೇದವನ್ನು ಕನ್ನಡವು ಪ್ರತ್ಯಯದಿಂದ ಸೂಚಿಸದೆ ಕೇಳುವವನ ಊಹೆಗೆ ಬಿಡುತ್ತದೆ. ಇಂಗ್ಲಿಷಾದರೋ ಕ್ರಮವಾಗಿ ‘ಹೂ’, ‘ವಿಚ್’, ‘ಅಟ್ ವಿಚ್’ ಎಂದು ಬಿಡಿಸಿ ಹೇಳುತ್ತದೆ.

ನಮ್ಮ ವಿದ್ಯಾರ್ಥಿಯು ‘ದಿ ಫೇರ್ ವಿಚ್ ಹಿ ಬಾಟ್ ದಿ ಬುಲ್’ ಎಂದು ಬರೆದು ‘ಅಟ್’ ಎಂಬುದನ್ನು ಬಿಟ್ಟರೆ, ಅದು ಬರಿಯ ಅಲಕ್ಷ್ಯವೆನ್ನಲಾಗದು. ತಾಯ್ನುಡಿಯ ಕ್ರಮವೇ ಅಲ್ಲಿ ಅವನ ಕೈಹಿಡಿದು ನಡೆಸಿರುತ್ತದೆ.

ಈ ಲಕ್ಷಣವು ವಿದ್ವಾಂಸರ ಗಮನಕ್ಕೆ ಬಂದು ಬಹುಕಾಲವಾಯಿತು. ದ್ರಾವಿಡ ಭಾಷೆಗಳಲ್ಲಿ ಸಂಬಂಧ ಸರ್ವನಾಮವಿಲ್ಲ, ಆ ಕಾರ್ಯವನ್ನು ಕೃದಂತವೇ ನಡೆಸುತ್ತದೆ ಎಂದು ಕಾಲ್ಡ್‌ವೆಲ್ಲರು 1856ರಲ್ಲಿ ಪ್ರಕಟಿಸಿದ ತೌಲನಿಕ ವ್ಯಾಕರಣದಲ್ಲಿ ನಿರೂಪಿಸಿದರು. ಕಿಟ್ಟೆಲರ 1903ರ ವ್ಯಾಕರಣದಲ್ಲಿಯೂ ಈ ಕೃದಂತಗಳ ವಿವೇಚನೆಯುಂಟು. ಆದರೂ ಸಂಸ್ಕೃತದ ‘ಯಃ–ಸಃ’ ಎಂಬ ಜೋಡಿಗೆ ಸರಿಯಾಗಿ ‘ಯಾವನು–ಅವನು’ ಎಂಬ ರಚನೆಯು ನಮ್ಮಲ್ಲಿ ಬಳಕೆಗೆ ಬಂದಿತು. ‘ಯಾವನು’ ಎಂಬುದು ಮೂಲತಃ ಪ್ರಶ್ನಾರ್ಥಕ.

ಇಲ್ಲಿ ಒಂದು ಸಾಮ್ಯವು ಚಿಂತನೀಯವಾಗಿದೆ. ಇಂಗ್ಲಿಷಿನ ‘ಹೂ’, ‘ವಿಚ್’ಗಳೂ ಪ್ರಾಚೀನ ಕಾಲದಲ್ಲಿ ಪ್ರಶ್ನಾರ್ಥಕಗಳೇ, ಸಂಬಂಧಾರ್ಥವು ಅವಕ್ಕೆ ಮಧ್ಯಕಾಲದ ಇಂಗ್ಲಿಷಿನಲ್ಲಿ ನೆಲೆಗೊಂಡಿತು. ‘ಹೂ’ ವ್ಯಕ್ತಿಗೆ, ‘ವಿಚ್’ ವಸ್ತುವಿಗೆ ಎಂಬ ಇಂದಿನ ನಿಯಮವೂ ಅನಾದಿಯಲ್ಲ: 1611ರ ಬೈಬಲ್ ಅನುವಾದದಲ್ಲಿ ವ್ಯಕ್ತಿಗಳಿಗೂ ‘ವಿಚ್’ ಪ್ರಯೋಗವಾಗಿದೆ. ‘ದಟ್’, ‘ವಿಚ್’ಗಳ ಕ್ಷೇತ್ರವನ್ನು ವಿಂಗಡಿಸಬೇಕೆಂದು ಫೌಲರರು ತಮ್ಮ 1926ರ ಪ್ರಯೋಗಕೋಶದಲ್ಲಿ ಸೂಚಿಸಿದುದು, ಅಷ್ಟು ಹೊತ್ತಿಗೂ ಬಳಕೆಯು ಏಕರೂಪವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಇನ್ನೊಂದು ತೊಡಕು: ‘ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿ’ ಎಂದರೆ ಬೇರೊಂದು ಕಾವೇರಿಯುಂಟೆಂದು ಯಾರೂ ತಿಳಿಯರು. ‘ಚುಂಚನಕಟ್ಟೆಯಲ್ಲಿ ಕೊಂಡ ಎತ್ತು’ ಎಂಬಲ್ಲಿಯಾದರೋ ವಿಶೇಷಣವು ಒಂದು ಎತ್ತನ್ನು ಉಳಿದವುಗಳಿಂದ ಬೇರ್ಪಡಿಸುತ್ತದೆ. ಕನ್ನಡದಲ್ಲಿ ಎರಡಕ್ಕೂ ರಚನೆಯೊಂದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಅಲ್ಪವಿರಾಮವೂ ‘ವಿಚ್’ ಎಂಬುದೂ ಬೇಕು, ‘ದಟ್’ ಸಲ್ಲದು. ಎರಡನೆಯದಕ್ಕೆ ವಿರಾಮವು ಬೇಡ, ‘ದಟ್’ ಸಲ್ಲುತ್ತದೆ.

ಆದಕಾರಣ ಉಪಾಧ್ಯಾಯರು ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕೆ ಮೊದಲು ಕನ್ನಡ ವಾಕ್ಯದಲ್ಲಿ ಅಡಗಿರುವ ಕಾರಕವನ್ನು ಕೇಳುವುದು ಲೇಸು: ಕೊಂಡವನಾರು, ಕೊಂಡುದೇನು, ಎಲ್ಲಿ ಕೊಂಡನು? ಉತ್ತರ ದೊರೆತರೆ ಸರ್ವನಾಮವು ತಾನಾಗಿ ಒದಗುತ್ತದೆ. ಹೀಗೆ ಕಲಿತವನು ಕನ್ನಡಕ್ಕೆ ಹಿಂದಿರುಗಿದಾಗಲೂ ‘ಯಾವ ರೈತನು ಎತ್ತನ್ನು ಕೊಂಡನೋ ಆ ರೈತನು’ ಎಂದು ವಾಕ್ಯವನ್ನು ವೃಥಾ ಬೆಳೆಸದೆ, ‘ಎತ್ತನ್ನು ಕೊಂಡ ರೈತನು’ ಎಂದೇ ಬರೆಯುವನು. ಎರಡು ಭಾಷೆಗಳ ಮರ್ಯಾದೆಯೂ ಆಗ ಉಳಿಯುತ್ತದೆ.