ಜಕಣಾಚಾರಿಯ ಕೈ, ಮಲ್ಲಿತಮ್ಮನ ಸಹಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ "ನಿಮ್ಮ ಇಂಜಿನಿಯರ್ ವೃತ್ತಿಯ ಬಗ್ಗೆ ಏನಾದರೂ ಬರೆದುಕೊಡಿ, ಮಕ್ಕಳಿಗೆ ಉಪಯೋಗವಾಗಲಿ" ಎಂದು ಮುಖ್ಯ ಶಿಕ್ಷಕರು ಫೋನ್ ಮಾಡಿದ್ದರು. ನನ್ನದು ಕಾರ್ಖಾನೆಗಳೊಳಗೆ ಓಡುವ ಸಾಫ್ಟ್‌ವೇರ್ ಬರೆಯುವ ಕೆಲಸ. ಒಂದು ವಸ್ತು ನಕ್ಷೆಯಾಗಿ ಹುಟ್ಟಿದಲ್ಲಿಂದ ಪೆಟ್ಟಿಗೆಯೊಳಗೆ ಕೂರುವ ತನಕ, ಅದರ ಯಾವ ಭಾಗ ಯಾರ ಕೈಯಲ್ಲಿ, ಯಾವ ಯಂತ್ರದಲ್ಲಿ, ಯಾವ ಅಳತೆಗೆ ತಯಾರಾಯಿತು ಎಂಬ ಲೆಕ್ಕ ಇಡುವುದು. ಬರೀ ಅದನ್ನೇ ಬರೆದರೆ ಓದುವವರಿಗೆ ನಿದ್ದೆ ಬಂದೀತು. ಇದೇ ಕೆಲಸವನ್ನು ಎಂಟುನೂರು, ಒಂಬೈನೂರು ವರ್ಷಗಳ ಹಿಂದೆ ನಮ್ಮ ಶಾಲೆಯ ಸುತ್ತಮುತ್ತಲೇ ಮಾಡುತ್ತಿದ್ದವರಿದ್ದಾರೆ. ಅವರ ಬಗ್ಗೆ ಬರೆಯುತ್ತೇನೆ, ನಡುವೆ ನನ್ನದೂ ಸ್ವಲ್ಪ ಸೇರಿಸುತ್ತೇನೆ.

ಎಂಟನೇ ತರಗತಿಯಲ್ಲಿದ್ದಾಗ ನಮ್ಮನ್ನು ಲಾರಿಯೊಂದರಲ್ಲಿ ತುಂಬಿಕೊಂಡು ಬೇಲೂರು, ಹಳೇಬೀಡಿಗೆ ಕರೆದೊಯ್ದಿದ್ದರು. ಬುತ್ತಿಯಲ್ಲಿ ಚಿತ್ರಾನ್ನ. ಬೇಲೂರಿನಲ್ಲಿ ಗೈಡ್ ಹೇಳಿದ ಜಕಣಾಚಾರಿಯ ಕಥೆ ನಿಮಗೆಲ್ಲ ಗೊತ್ತಿರುವುದೇ. ತಂದೆ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಗುರುತು ಪರಿಚಯವಿಲ್ಲದ ಹುಡುಗನೊಬ್ಬ ಹೇಳುತ್ತಾನೆ. ಮೈಗೆಲ್ಲ ಗಂಧ ಬಳಿದು ನೋಡಿದರೆ ಹೊಕ್ಕುಳಿನ ಹತ್ತಿರ ಮಾತ್ರ ಒಣಗುವುದಿಲ್ಲ. ಉಳಿ ಇಟ್ಟರೆ ಒಳಗಿಂದ ನೀರು, ಕಪ್ಪೆ. ಜಕಣಾಚಾರಿ ಮಾತಿಗೆ ತಪ್ಪದೆ ತನ್ನ ಬಲಗೈ ಕಡಿದುಕೊಳ್ಳುತ್ತಾನೆ. ಆ ಹುಡುಗ ತನ್ನ ಮಗ ಡಂಕಣನೇ ಎಂದು ಆಮೇಲೆ ತಿಳಿಯುತ್ತದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾಡಿದ ಕೆಲಸದಲ್ಲಿ ಒಂದು ತಪ್ಪು ಸಿಕ್ಕರೆ ಕೈಯನ್ನೇ ಕಳೆದುಕೊಳ್ಳಬೇಕೇ? ನಮ್ಮಪ್ಪ ಅರಸೀಕೆರೆಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ಅವರು ಕಟ್ಟಿದ ಮೋಟಾರ್ ಎಷ್ಟೋ ಸಲ ಸುಟ್ಟು ವಾಪಸ್ ಬರುತ್ತಿತ್ತು. ಚಿಂತೆಗೆ ಅದೇ ಕಾರಣ.

ಹಾಸನದಲ್ಲಿ ಬಿ.ಇ. ಮುಗಿಸಿ ಬೆಂಗಳೂರು ಸೇರಿದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನನ್ನ ಕಪ್ಪೆ ಹೊರಬಿತ್ತು. ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ, ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬ ಅಂಕಿಯನ್ನು ಯಂತ್ರಕ್ಕೆ ಕಳಿಸುವ ಪ್ರೋಗ್ರಾಂ ನಾನು ಬರೆದದ್ದು. ಅಂಕಿಗಳ ಪಟ್ಟಿಯನ್ನು ಮಾದರಿಯ ಹೆಸರು ನೋಡಿ ಓದುವ ಬದಲು ಸಾಲಿನ ಸಂಖ್ಯೆ ನೋಡಿ ಓದುವಂತೆ ಬರೆದಿದ್ದೆ. ಯಾರೋ ಪಟ್ಟಿಯ ನಡುವೆ ಒಂದು ಸಾಲು ಸೇರಿಸಿದರು. ಅಷ್ಟೇ, ಒಂದು ಮಾದರಿಯ ಬಿಗಿತ ಇನ್ನೊಂದಕ್ಕೆ ಹೋಯಿತು. ಒಂದು ಪಾಳಿಯ ಮಾಲು ಪೂರ್ತಿ ಹೀಗೇ ತಯಾರಾಯಿತು. ಕೊನೆಯ ತಪಾಸಣೆಯ ಹೆಣ್ಣುಮಗಳೊಬ್ಬರು ಹಿಡಿದದ್ದರಿಂದ ಗೇಟು ದಾಟಲಿಲ್ಲ. ನಮ್ಮ ಕೆಲಸದಲ್ಲಿ ಪ್ರತಿ ಸಾಲಿನ ಹಿಂದೆಯೂ ಅದನ್ನು ಬರೆದವರ ಹೆಸರು, ತಾರೀಖು ದಾಖಲಾಗಿರುತ್ತದೆ. ಬೆಳಿಗ್ಗೆ ಎಲ್ಲರ ಮುಂದೆ ತೆರೆಯ ಮೇಲೆ ನನ್ನ ಹೆಸರು ಬಂತು. ಕೆಲಸ ಹೋಯಿತು ಎಂದುಕೊಂಡೆ. ಮೇಲಿನವರು ಕೈಗೆ ಸ್ಪ್ಯಾನರ್ ಕೊಟ್ಟು, "ಬನ್ನಿ, ಬಿಚ್ಚಿ ಮತ್ತೆ ಬಿಗಿಯೋಣ" ಎಂದರು. ಎರಡು ರಾತ್ರಿ ಕಾರ್ಮಿಕರ ಜೊತೆ ನಿಂತು ಅದನ್ನೇ ಮಾಡಿದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತದ್ದಕ್ಕಿಂತ ಆ ಎರಡು ರಾತ್ರಿ ಕಲಿತದ್ದು ಹೆಚ್ಚು ಎಂದರೆ ನಮ್ಮ ಪ್ರೊಫೆಸರುಗಳು ಬೇಜಾರು ಮಾಡಿಕೊಳ್ಳಬಾರದು.

ಅದಾದ ಮೇಲೆಯೇ ನಾನು ಬೇಲೂರನ್ನು ಸರಿಯಾಗಿ ನೋಡಿದ್ದು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿಗಳ ಹೆಸರುಗಳು ಬೇಕಾದಷ್ಟಿವೆ. ಅವುಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಇರುವವರು ಬಳ್ಳಿಗಾವೆಯ ದಾಸೋಜ, ಗದಗಿನ ನಾಗೋಜ, ಮಲ್ಲಿಯಣ್ಣ, ಚಿಕ್ಕಹಂಪ ಮುಂತಾದವರು. ಕೆಲವರು ಊರಿನ ಹೆಸರನ್ನೂ ಕೆತ್ತಿದ್ದಾರೆ, ಬಿರುದುಗಳನ್ನೂ ಸೇರಿಸಿದ್ದಾರೆ. ಬಿರುದುಗಳು ಎಂಥವೆಂದರೆ, ಎದುರಾಳಿ ಶಿಲ್ಪಿಗಳ ಪಾಲಿಗೆ ತಾನು ಹುಲಿ ಎನ್ನುವ ಧಾಟಿಯವು. ಇವತ್ತು ನಮ್ಮ ಹುಡುಗರು ಬಯೋಡಾಟಾದಲ್ಲಿ ಬರೆದುಕೊಳ್ಳುವುದು ಅದರ ಮುಂದೆ ಏನೂ ಅಲ್ಲ.

ದಾಸೋಜನ ಮಗ ಚಾವಣ. ತಂದೆ, ಮಗ ಇಬ್ಬರೂ ಬಳ್ಳಿಗಾವೆಯಿಂದ, ಅಂದರೆ ಈಗಿನ ಶಿವಮೊಗ್ಗ ಜಿಲ್ಲೆಯಿಂದ, ಬೇಲೂರಿಗೆ ಬಂದವರು. ಗುಡಿಯ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರಿದ್ದಾರೆ. ಅವುಗಳಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು ಎಂದು ಸಹಿಗಳಿಂದ ಗುರುತಿಸಿದ್ದಾರೆ. ಇದನ್ನು ಓದಿದ ದಿನ ನನಗೆ ಆದ ನಿರಾಳ ಹೇಳತೀರದು. ಕಥೆಯಲ್ಲಿ ಮಗ ದೋಷ ಹುಡುಕಿ ತಂದೆ ಕೈ ಕಡಿದುಕೊಂಡ. ಕಲ್ಲಿನ ಮೇಲಿನ ಬರಹದಲ್ಲಿ ತಂದೆ, ಮಗ ಒಂದೇ ಸೂರಿನ ಕೆಳಗೆ ಕೆಲಸ ಮಾಡಿ, ಅವರವರ ಕೆಲಸಕ್ಕೆ ಅವರವರ ಹೆಸರು ಹಾಕಿದ್ದಾರೆ. ಮಗನದು ಒಂದು ಹೆಚ್ಚೇ ಇದೆ! ಕಥೆ ಚೆನ್ನಾಗಿದೆ, ಮಕ್ಕಳಿಗೆ ಹೇಳಲೇಬೇಕು. ಆದರೆ ಇದನ್ನೂ ಹೇಳಬೇಕು.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ದಕ್ಷಿಣದ ಬಾಗಿಲಿನ ಮೇಲೆ ಒಂದು ಚಿಕ್ಕ ಬರಹವಿದೆ. ಒಂದನೇ ನರಸಿಂಹನ ಮುಖ್ಯ ವಾಸ್ತುಶಿಲ್ಪಿ ಕೇದಾರೋಜನಿಗಾಗಿ ಕಾಳಿದಾಸಿ ಎಂಬಾತ ಈ ಬಾಗಿಲು ಮಾಡಿದ ಎಂದು. ಕೆಲಸ ಮಾಡಿಸಿದವನ ಹೆಸರು, ಮಾಡಿದವನ ಹೆಸರು ಎರಡೂ ಅಲ್ಲಿವೆ. ನಾನು ನೋಡಿದ ಎಷ್ಟೋ ಕಡೆ ಮಾಡಿಸಿದವರ ಹೆಸರು ಮಾತ್ರ ಉಳಿಯುತ್ತದೆ.

ಇನ್ನು ನಮ್ಮ ತಾಲ್ಲೂಕಿನವನೇ ಎನ್ನಬಹುದಾದ ಮಲ್ಲಿತಮ್ಮ. ಹೆಸರು ಕೇಳಿ ಹೆಂಗಸೆಂದುಕೊಂಡಿದ್ದೆವು, ಅಲ್ಲ, ಗಂಡಸು. ಅಮೃತಾಪುರದಲ್ಲಿ 1196ರ ಹೊತ್ತಿಗೆ ಇವನ ಹೆಸರು ಮೊದಲು ಕಾಣುತ್ತದೆ. ಆಮೇಲೆ ನಮ್ಮ ಹಾರನಹಳ್ಳಿ, ಜಾವಗಲ್, ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ, ಕೊನೆಗೆ 1258ರ ಸೋಮನಾಥಪುರ. ಅಲ್ಲಿ ಸುಮಾರು ನಲವತ್ತು ವಿಗ್ರಹಗಳ ಕೆಳಗೆ ಇವನ ಸಹಿ ಇದೆ. ಪೂರ್ತಿ ಹೆಸರು ಕೆತ್ತಲು ಬೇಸರವಾದಾಗ 'ಮಲ್ಲಿ', ಇನ್ನೂ ಬೇಸರವಾದರೆ ಬರೀ 'ಮ'. ಮೊದಲ ಗುಡಿಯಿಂದ ಕೊನೆಯದಕ್ಕೆ ಅರವತ್ತು ವರ್ಷಕ್ಕೂ ಮಿಕ್ಕಿದ ಅಂತರ. ಒಬ್ಬನೇ ಇಷ್ಟು ಕಾಲ ಉಳಿ ಹಿಡಿದಿದ್ದನೋ, ಅಜ್ಜನ ಹೆಸರು ಮೊಮ್ಮಗನಿಗೆ ಬಂದಿತ್ತೋ ಎಂಬ ಚರ್ಚೆ ಇದೆ. ಒಬ್ಬನೇ ಎಂದು ನಂಬುವುದು ನನಗಿಷ್ಟ. ಎಂಬತ್ತರ ಮುದುಕ ಸೋಮನಾಥಪುರದಲ್ಲಿ ಹುಡುಗರಿಗೆ ಅಳತೆ ಹೇಳಿಕೊಡುತ್ತ ನಿಂತಿದ್ದ ಎಂದು ಕಲ್ಪಿಸಿಕೊಳ್ಳುತ್ತೇನೆ. ಮೂವತ್ತೈದಕ್ಕೇ 'ಇನ್ನು ಕೋಡ್ ಬರೆಯುವುದು ಸಾಕು, ಮ್ಯಾನೇಜರ್ ಆಗಿ' ಎನ್ನುವ ಕಾಲದಲ್ಲಿ ಈ ಕಲ್ಪನೆ ನನಗೆ ಸಮಾಧಾನ ಕೊಡುತ್ತದೆ.

ನುಗ್ಗೇಹಳ್ಳಿಯ 1246ರ ಲಕ್ಷ್ಮೀನರಸಿಂಹ ಗುಡಿಗೆ ಒಮ್ಮೆ ಹೋಗಿ ಬನ್ನಿ. ಉತ್ತರದ ಗೋಡೆ ಮಲ್ಲಿತಮ್ಮನ ಕೆಲಸ, ದಕ್ಷಿಣದ್ದು ನಂದಿಯ ಬೈಚೋಜನದು. ಒಂದೇ ಕಟ್ಟಡ, ಎರಡು ತಂಡ, ನಡುವೆ ಎಲ್ಲೂ ಅಳತೆ ತಪ್ಪಿಲ್ಲ, ಆದರೂ ಕೈ ಬೇರೆ ಎಂದು ಗೊತ್ತಾಗುತ್ತದೆ. ಎರಡು ತಂಡಗಳ ಕೆಲಸ ಕೂಡಿಸುವುದೇ ನನ್ನ ಅನ್ನವಾದ್ದರಿಂದ ಹೇಳುತ್ತೇನೆ, ಇದು ಸುಲಭದ ಮಾತಲ್ಲ.

ಅವರ ಕಚ್ಚಾಮಾಲಿನ ಆಯ್ಕೆಯೂ ಲೆಕ್ಕಾಚಾರದ್ದೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಕಂಬಗಳನ್ನು ಕಡೆಯಲು ಸಾಧ್ಯವಾಯಿತು, ಬಳೆಯಷ್ಟು ಸಣ್ಣ ಸುತ್ತುಗಳು ನಯವಾಗಿ ಬಂದವು. ಮೊದಲು ಮಾಡಿದ್ದೇ ಕೊನೆ ಎಂದೂ ಅವರು ಕೂರಲಿಲ್ಲ. ಬೇಲೂರಿನ ನವರಂಗ ಮೊದಲು ಸುತ್ತಲೂ ತೆರೆದಿತ್ತು. ಎರಡನೇ ಬಲ್ಲಾಳನ ಕಾಲಕ್ಕೆ ಅದಕ್ಕೆ ಜಾಲಂಧ್ರಗಳನ್ನು ಕೂರಿಸಿದರು. ಬಳಸಿ ನೋಡಿ ತಿದ್ದಿದ್ದು.

ಆ ತಿದ್ದುವಿಕೆಯ ತುದಿ ಎಲ್ಲಿದೆ ಎಂದರೆ ನಮ್ಮ ಅರಸೀಕೆರೆಯಲ್ಲಿ. ಸುಮಾರು 1220ರ ಈಶ್ವರ ದೇವಾಲಯದ ಮುಂಭಾಗದ ಮಂಟಪ ಹದಿನಾರು ಮೂಲೆಯ ನಕ್ಷತ್ರ. ಇದನ್ನು ನಮಗೆ ಅರ್ಥ ಮಾಡಿಸಿದವರು ಗಣಿತದ ಮೇಷ್ಟ್ರು. ಶಾಲೆಯ ಮೈದಾನದಲ್ಲಿ ಗೂಟ ಹೊಡೆದು, ಹಗ್ಗ ಹಿಡಿಸಿ, ಸುಣ್ಣದಲ್ಲಿ ಒಂದು ಚೌಕ ಬರೆಸಿದರು. ಗೂಟ ಅಲ್ಲೇ ಇರಲಿ, ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಇನ್ನೊಂದು ಬರೆಯಿರಿ, ಮತ್ತೊಂದು, ಮಗದೊಂದು ಎಂದರು. ನಾಲ್ಕು ಚೌಕ, ಹದಿನಾರು ಮೂಲೆ. ಗರ್ಭಗುಡಿಯ ಕಡೆ ಮೂರು ಬಗೆಯ ಮೂಲೆಗಳು ಬೆರೆತಿರುವುದನ್ನು ಮಾತ್ರ ನಮ್ಮ ಸುಣ್ಣದಲ್ಲಿ ಬರೆಯಲಾಗಲಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅರಸೀಕೆರೆ ಅದರಲ್ಲಿಲ್ಲ. ರೈಲು ಬದಲಿಸಲು ಇಳಿದವರು ಆಟೋದಲ್ಲಿ ಹೋಗಿ ನೋಡಿಬರುವಷ್ಟು ಹತ್ತಿರವಿದ್ದರೂ ನೋಡುವವರು ಕಡಿಮೆ.

ಕಳೆದ ಸಂಕ್ರಾಂತಿಗೆ ಅಪ್ಪನನ್ನು ಬೇಲೂರಿಗೆ ಕರೆದೊಯ್ದೆ. ದಾಸೋಜ, ಚಾವಣರ ವಿಷಯ ಹೇಳಿದೆ. ಕೇಳಿಸಿಕೊಂಡರು. ಅಪ್ಪನೂ ವೈಂಡಿಂಗ್ ಮುಗಿಸಿದ ಮೇಲೆ ಮೋಟಾರಿನ ಮುಚ್ಚಳದ ಒಳಗೆ ತಾರೀಖು, ತಂತಿಯ ಗೇಜು, ತಮ್ಮ ಹೆಸರಿನ ಮೊದಲ ಅಕ್ಷರ ಬಣ್ಣದಲ್ಲಿ ಬರೆಯುತ್ತಿದ್ದರು. ಯಾಕೆ ಎಂದು ನಾನು ಕೇಳಿರಲೇ ಇಲ್ಲ, ಅವತ್ತು ಕೇಳಿದೆ. "ವಾಪಸ್ ಬಂದ್ರೆ ಯಾರದ್ದು ಅಂತ ಗೊತ್ತಾಗ್ಬೇಕಲ್ಲ" ಎಂದರು. ಆಮೇಲೆ ತಲೆಯೆತ್ತಿ ಮದನಿಕೆಯರನ್ನು ಬಹಳ ಹೊತ್ತು ನೋಡಿ, "ಇವನ್ನ ಕೆಳಗೆ ಕೆತ್ತಿ ಮೇಲೆ ಕೂರ್ಸಿದ್ರಾ, ಮೇಲೆ ಹತ್ತಿ ಕೆತ್ತಿದ್ರಾ?" ಎಂದು ಕೇಳಿದರು. ಬೇರೆಯಾಗಿ ಕೆತ್ತಿ ಕೂರಿಸಿದ್ದು ಎಂದೆ. "ಹಾಗಾದ್ರೆ ಸರಿ, ಕೆಟ್ರೆ ಒಂದನ್ನ ಮಾತ್ರ ಬಿಚ್ಚಬಹುದು" ಎಂದು ಚಪ್ಪಲಿ ಬಿಟ್ಟ ಕಡೆಗೆ ನಡೆದರು.