ಒಂದು ತೂತಿನ ಜಮಾಖರ್ಚು

ಹೊಸ ಫೋನು ಕೊಳ್ಳುವಾಗ ನಾವೆಲ್ಲ ಕೇಳುವುದು ಅದರಲ್ಲಿ ಏನೇನಿದೆ ಅಂತ. ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು, ಮೆಮೊರಿ ಎಷ್ಟು... ಏನೇನಿಲ್ಲ ಅಂತ ಕೇಳುವವರು ಕಡಿಮೆ, ಅಂಗಡಿಯವನಂತೂ ತಾನಾಗಿ ಹೇಳುವುದಿಲ್ಲ. ಆದರೆ ಇಲ್ಲದ್ದಕ್ಕೂ ಒಂದು ಇತಿಹಾಸ ಇರುತ್ತದೆ. ಯಾರೋ ಕೂತು ಯೋಚಿಸಿ "ಇದು ಬೇಡ" ಎಂದಿರುತ್ತಾರೆ. ಇವತ್ತು ಅಂಥ ಒಂದು 'ಇಲ್ಲ'ದ ಕಥೆ ಹೇಳುತ್ತೇನೆ. ಅದು ಇಯರ್‌ಫೋನ್ ಸಿಕ್ಕಿಸುವ 3.5 ಮಿಲಿಮೀಟರಿನ ಪುಟ್ಟ ತೂತು.

ಈ ತೂತಿನ ವಂಶಾವಳಿ ನಮ್ಮ ಮುತ್ತಜ್ಜಂದಿರ ಕಾಲದ್ದು. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಮುಂದೆ ಸ್ವಿಚ್‌ಬೋರ್ಡಿನ ಮುಂದೆ ಕೂತ ಆಪರೇಟರುಗಳು ಒಂದು ಪಿನ್ನನ್ನು ಈ ತೂತಿನಿಂದ ಕಿತ್ತು ಆ ತೂತಿಗೆ ಸಿಕ್ಕಿಸಿ ಮಾತು ಜೋಡಿಸುತ್ತಿದ್ದರು. ಹಳೆಯ ಸಿನಿಮಾಗಳಲ್ಲಿ ನೀವೂ ನೋಡಿರುತ್ತೀರಿ. ಆ ಪಿನ್ನಿನ ದಪ್ಪ ಕಾಲು ಇಂಚು, ಅಂದರೆ 6.35 ಮಿಲಿಮೀಟರು. ಎಲೆಕ್ಟ್ರಿಕ್ ಗಿಟಾರಿಗೆ ಇವತ್ತಿಗೂ ಅದೇ ಗಾತ್ರದ ಪಿನ್ನು.

ಟ್ರಾನ್ಸಿಸ್ಟರ್ ರೇಡಿಯೋ ಬಂದ ಮೇಲೆ ಇದೇ ಪಿನ್ನು ಸಣ್ಣದಾಗಿ 3.5 ಮಿಲಿಮೀಟರಿಗೆ ಇಳಿಯಿತು. ಸೋನಿ ಕಂಪನಿ 1964ರಲ್ಲಿ ತಂದ ಒಂದು ರೇಡಿಯೋದಲ್ಲಿ ಈ ಗಾತ್ರದ ತೂತಿತ್ತು. ಅದನ್ನು ಜಗತ್ತಿಗೆಲ್ಲ ಹಂಚಿದ್ದು 1979ರ ವಾಕ್‌ಮನ್. ಅಂದ ಹಾಗೆ, ಮೊದಲ ವಾಕ್‌ಮನ್ನಿನಲ್ಲಿ ಒಂದಲ್ಲ, ಎರಡು ತೂತುಗಳಿದ್ದವು. ಒಬ್ಬರೇ ಕಿವಿ ಮುಚ್ಚಿಕೊಂಡು ಕೂರುವುದು ಒರಟುತನ ಅನ್ನಿಸೀತು, ಇಬ್ಬರು ಒಟ್ಟಿಗೆ ಕೇಳಲಿ ಎನ್ನುವ ಯೋಚನೆಯಂತೆ! ಎಂಥ ಕಾಲ ನೋಡಿ.

ಮೊಬೈಲುಗಳು ಬಂದಾಗ ಮಾತ್ರ ಈ ಸಾರ್ವಜನಿಕ ತೂತು ಮೊದಲಿಗೆ ಅವುಗಳಲ್ಲಿ ಇರಲಿಲ್ಲ. ಒಂದೊಂದು ಕಂಪನಿಗೂ ಒಂದೊಂದು ಪಿನ್ನು. ನೋಕಿಯಾದ್ದು ಬೇರೆ, ಸೋನಿ ಎರಿಕ್ಸನ್‌ದು ಬೇರೆ, ಒಂದರ ಇಯರ್‌ಫೋನು ಇನ್ನೊಂದಕ್ಕೆ ಆಗದು. 2007ರ ಮೊದಲ ಐಫೋನಿನಲ್ಲಿ 3.5ರ ತೂತು ಇತ್ತೇನೋ ನಿಜ, ಆದರೆ ಅದನ್ನು ಎಷ್ಟು ಒಳಗೆ ಹುದುಗಿಸಿದ್ದರೆಂದರೆ ಬೇರೆ ಕಂಪನಿಗಳ ಎಷ್ಟೋ ಇಯರ್‌ಫೋನುಗಳ ಪಿನ್ನು ಒಳಗೆ ಹೋಗುತ್ತಲೇ ಇರಲಿಲ್ಲ. ಮರುವರ್ಷದ ಐಫೋನ್ 3ಜಿಯಲ್ಲಿ ಅದನ್ನು ಸರಿಪಡಿಸಿದರು. 2008ರಲ್ಲಿ ಬಂದ ಮೊತ್ತಮೊದಲ ಆಂಡ್ರಾಯ್ಡ್ ಫೋನು ಟಿ-ಮೊಬೈಲ್ ಜಿ1ರಲ್ಲಂತೂ ತೂತೇ ಇರಲಿಲ್ಲ, ಪಾಟು ಪಾಟು ಅಡಾಪ್ಟರು. ಬಳಸುವವರು ಗೊಣಗಿದರು, ಪತ್ರಿಕೆಗಳು ಬರೆದವು. ಕೆಲವೇ ವರ್ಷಗಳಲ್ಲಿ ಎಲ್ಲ ಫೋನುಗಳಿಗೂ 3.5 ಬಂತು. ಒಂದು ಕಾಲದ ಗೊಣಗಾಟ ಗೆದ್ದ ಕಥೆ ಇದು.

ಹತ್ತು ವರ್ಷ ತುಂಬುವುದರೊಳಗೆ ಗಾಳಿ ತಿರುಗಿತು. ತೆಳ್ಳಗಿನ ಫೋನು ಮಾಡುವ ಹುಮ್ಮಸ್ಸಿನಲ್ಲಿ ಒಪ್ಪೋ ಕಂಪನಿ 2014ರ ಆರ್5ರಲ್ಲಿ ತೂತು ತೆಗೆದಿತ್ತು. ಆ ಫೋನಿನ ದಪ್ಪ 4.85 ಮಿಲಿಮೀಟರು, ಅಷ್ಟರಲ್ಲಿ 3.5ರ ಪಿನ್ನಿಗೆ ಜಾಗ ಮಾಡುವುದು ಸುಲಭವಲ್ಲ. 2016ರಲ್ಲಿ ಲೆಎಕೋ, ಮೊಟೊ ಝಡ್ ಕೂಡ ಅದೇ ದಾರಿ ಹಿಡಿದವು. ಆದರೆ ದೊಡ್ಡ ಗುಲ್ಲೆದ್ದದ್ದು 2016ರ ಸೆಪ್ಟೆಂಬರಿನ ಐಫೋನ್ 7ಕ್ಕೆ. ತೆಗೆಯಬೇಡಿ ಎಂದು ಎರಡು ಲಕ್ಷಕ್ಕೂ ಹೆಚ್ಚು ಜನ ಮೊದಲೇ ಮನವಿಗೆ ಸಹಿ ಹಾಕಿದ್ದರು. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೊಝ್ನಿಯಾಕ್ ಅವರೇ ಜನಕ್ಕೆ ಇದು ಹಿಡಿಸದು ಎಂದಿದ್ದರು. ವೇದಿಕೆಯ ಮೇಲೆ ಫಿಲ್ ಶಿಲ್ಲರ್ ಕೊಟ್ಟ ಕಾರಣ ಒಂದೇ ಪದದ್ದು: ಧೈರ್ಯ! ಅದೇ ದಿನ, ಅದೇ ವೇದಿಕೆಯಲ್ಲಿ 159 ಡಾಲರಿನ ಏರ್‌ಪಾಡ್ಸ್ ಕೂಡ ಹೊರಬಂತು.

ಅವರ ವಾದವನ್ನೂ ಕೇಳೋಣ. ಫೋನಿನ ಒಳಗೆ ಜಾಗ ಬಂಗಾರಕ್ಕೆ ಸಮ, ಆ ಜಾಗ ಕ್ಯಾಮೆರಾಕ್ಕೂ ಬ್ಯಾಟರಿಗೂ ಬೇಕು ಎಂದರು. ಅದು ಸುಳ್ಳಲ್ಲ. ನೀರು ತಡೆಯಲು ಅನುಕೂಲ ಎಂಬ ಮಾತೂ ಬಂತು. ಆದರೆ ಅದೇ ವರ್ಷ ಮಾರ್ಚಿನಲ್ಲೇ ಬಂದಿದ್ದ ಸ್ಯಾಮ್‌ಸಂಗ್ ಎಸ್7 ತೂತನ್ನು ಇಟ್ಟುಕೊಂಡೇ ಐಫೋನ್ 7ಕ್ಕಿಂತ ಹೆಚ್ಚು ನೀರು ತಡೆಯುತ್ತಿತ್ತು. ಇನ್ನು ನಕ್ಕವರ ಕಥೆ. ಗೂಗಲ್ 2016ರಲ್ಲಿ ತನ್ನ ಪಿಕ್ಸೆಲ್ ಜಾಹೀರಾತಿನಲ್ಲಿ ನಮ್ಮಲ್ಲಿ ತೂತಿದೆ ಎಂದು ಚುಚ್ಚಿತು, ಮರುವರ್ಷವೇ ಪಿಕ್ಸೆಲ್ 2ರಲ್ಲಿ ತೆಗೆಯಿತು. ಸ್ಯಾಮ್‌ಸಂಗ್ ಕೂಡ ಗೇಲಿ ಮಾಡಿ 2019ರ ನೋಟ್ 10ರಲ್ಲಿ ತಾನೂ ಮುಚ್ಚಿತು. ಎಲ್ಲರ ಮನೆ ದೋಸೆಯೂ ತೂತು ಅಂತಾರಲ್ಲ, ಇಲ್ಲಿ ಎಲ್ಲರ ದೋಸೆಯ ತೂತೂ ಮಾಯ!

ಇಷ್ಟು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಒಂದು ಚಾಳಿ ಅಂಟಿರುತ್ತದೆ. ಒಂದು ಕಡೆ ಕ್ರೆಡಿಟ್ ಕಂಡರೆ ಡೆಬಿಟ್ ಎಲ್ಲಿ ಬಿತ್ತು ಎಂದು ಹುಡುಕುವುದು. ಬಿಕಾಂ ಮೊದಲ ವರ್ಷದ ಪಾಠವೇ ಅದು. ಕಂಪನಿಯ ಪುಸ್ತಕದಲ್ಲಿ ಒಂದು ಬಿಡಿಭಾಗದ ಖರ್ಚು ಉಳಿಯಿತು, ಹೊಸ ಸರಕಿನ ವ್ಯಾಪಾರ ಹುಟ್ಟಿತು. ಆ ಡೆಬಿಟ್ ಬಿದ್ದದ್ದು ಬಳಸುವವನ ಖಾತೆಗೆ. ಮೊದಲು ಅಡಾಪ್ಟರು ಡಬ್ಬಿಯಲ್ಲೇ ಇತ್ತು, 2018ರಿಂದ ಅದನ್ನು ಬೇರೆ ಕೊಳ್ಳಬೇಕಾಯಿತು. 2020ರ ಐಫೋನ್ 12ರ ಡಬ್ಬಿಯಿಂದ ಇಯರ್‌ಫೋನೂ ಹೋಯಿತು, ಚಾರ್ಜರೂ ಹೋಯಿತು. ಫ್ರಾನ್ಸಿನಲ್ಲಿ ಮಾತ್ರ ಇಯರ್‌ಫೋನ್ ಉಳಿಯಿತು. ಫೋನಿನ ಜೊತೆ ಅದನ್ನು ಕೊಡಲೇಬೇಕೆಂಬ ಕಾನೂನು ಆಗ ಅಲ್ಲಿತ್ತು. ಅಂದರೆ ಕೊಡಲಾಗದ್ದೇನೂ ಅಲ್ಲ, ಕೇಳುವವರು ಬೇಕಿತ್ತು.

ತಂತಿಯ ಇಯರ್‌ಫೋನು ಲೋಕಲ್ ಟ್ರೈನಿನಲ್ಲಿ ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೆ ಚಾರ್ಜು ಬೇಡ, ಜೋಡಣೆ ಬೇಡ. ತಂತಿ ಇಲ್ಲದ್ದಕ್ಕೆ ಪುಟ್ಟ ಬ್ಯಾಟರಿ ಉಂಟು. ಅದು ಸವೆದ ಮೇಲೆ ಬಿಚ್ಚಿ ಬದಲಿಸುವುದು ಹೆಚ್ಚುಕಡಿಮೆ ಆಗದ ಮಾತು. ಮೊದಲ ಏರ್‌ಪಾಡ್ಸಿಗೆ ಐಫಿಕ್ಸಿಟ್ ಸಂಸ್ಥೆ ರಿಪೇರಿಯ ವಿಷಯದಲ್ಲಿ ಹತ್ತಕ್ಕೆ ಸೊನ್ನೆ ಅಂಕ ಕೊಟ್ಟಿತ್ತು. ನಮ್ಮ ಕಡೆ ಹೇಳುವ ಹಾಗಾದರೆ ಇದು ಕೊಂಡದ್ದಲ್ಲ, ಬಾಡಿಗೆಗೆ ತಂದದ್ದು.

ಸ್ಮಾರ್ಟ್‌ವಾಚುಗಳ ವಿಷಯ ಬೇರೆ. 2015ರ ಆಪಲ್ ವಾಚಿನಲ್ಲಿ ಮೊದಲಿಂದಲೂ ತೂತಿಲ್ಲ, ಬ್ಲೂಟೂತೇ ಗತಿ. ಅದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ. ಇದ್ದದ್ದು ಹೋದರೆ ಮಾತ್ರ ನಮಗೆ ನೋವು.

ಭಾರತದ ಮಟ್ಟಿಗೆ ಹೋದದ್ದು ತೂತೊಂದೇ ಅಲ್ಲ, ಅದರ ಬೆನ್ನಿಗೆ ಎಫ್ಎಂ ರೇಡಿಯೋ ಕೂಡ. ಎಫ್ಎಂ ಅಲೆಯ ಉದ್ದ ಸುಮಾರು ಮೂರು ಮೀಟರು. ಅದನ್ನು ಹಿಡಿಯಲು ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರಿನ ತಂತಿ ಒಳ್ಳೆಯದು. ಕಿವಿಗೆ ಹಾಕುವ ತಂತಿಯ ಉದ್ದ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅದೇ ಆಂಟೆನಾ. "ಇಯರ್‌ಫೋನ್ ಸಿಕ್ಕಿಸಿ" ಎಂದು ಫೋನು ಕೇಳುತ್ತಿದ್ದದ್ದು ಇದಕ್ಕೇ. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ಶುರುವಾದ ಮೇಲೆ, ಕಾವಲುಗಾರನಿಂದ ಹಿಡಿದು ಕಾಲೇಜು ಹುಡುಗಿಯವರೆಗೆ ಎಷ್ಟೋ ಜನಕ್ಕೆ ಡೇಟಾ ಖರ್ಚಿಲ್ಲದ ಸಂಗೀತ ಇದೊಂದೇ ಆಗಿತ್ತು.

ನಮ್ಮಂಥ ಪರಊರಿನವರು ಇಲ್ಲೊಂದು ನ್ಯಾಯದ ಮಾತು ಹೇಳಬೇಕು. ಮುಂಬಯಿಯಲ್ಲಿ ಕೂತವನಿಗೆ ಎಫ್ಎಂ ಕೊಟ್ಟದ್ದು ಮುಂಬಯಿಯ ಹಾಡುಗಳನ್ನೇ. ಬೆಳಗ್ಗೆ ಕನ್ನಡದ ವಾರ್ತೆ, ಕನ್ನಡದ ಭಾವಗೀತೆ ಕಿವಿಗೆ ಬೀಳುವಂತಾದದ್ದು ಇಂಟರ್‌ನೆಟ್ಟಿನಿಂದ, ಆಕಾಶವಾಣಿಯ ಆ್ಯಪ್‌ನಿಂದ. ಊರು ಬಿಟ್ಟವರಿಗೆ ಇದು ಸಣ್ಣ ಜಮೆಯಲ್ಲ.

ಆದರೆ ನೆಟ್‌ವರ್ಕ್ ಇದ್ದರೆ ಮಾತ್ರ ಆ ಜಮೆ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಆ ರಾತ್ರಿ ಮೊಂಡಿಗೆ ನೀರಿನಲ್ಲಿ ನಡೆದವರಿಗೆಲ್ಲ ನೆನಪಿರುತ್ತದೆ, ಕೈಯಲ್ಲಿದ್ದ ಮೊಬೈಲು ಬರೀ ಇಟ್ಟಿಗೆ. ಟವರು ಸತ್ತಾಗಲೂ ದೂರದಿಂದ ಬರುವ ದನಿ ರೇಡಿಯೋದ್ದು. 2017ರಲ್ಲಿ ಚಂಡಮಾರುತಗಳು ಬಡಿದಾಗ ಅಮೆರಿಕದ ಸರ್ಕಾರಿ ಅಧಿಕಾರಿ ಐಫೋನಿನ ಎಫ್ಎಂ ತೆರೆಯಿರಿ ಎಂದು ಕೇಳಿದರು. ಐಫೋನ್ 7, 8ರಲ್ಲಿ ಎಫ್ಎಂ ಚಿಪ್ಪೂ ಇಲ್ಲ, ಆಂಟೆನಾವೂ ಇಲ್ಲ ಎಂದು ಉತ್ತರ ಬಂತು. ನಮ್ಮ ಕೇಂದ್ರದ ಐಟಿ ಸಚಿವಾಲಯವೂ 2023ರಲ್ಲಿ, ವಿಪತ್ತಿನ ಕಾಲಕ್ಕೆ ಬೇಕು, ಎಫ್ಎಂ ಇರುವ ಫೋನುಗಳಲ್ಲಿ ಅದನ್ನು ಮುಚ್ಚಬೇಡಿ ಎಂದು ಉದ್ಯಮಕ್ಕೆ ಸಲಹೆ ಕಳಿಸಿತು. ಸಲಹೆ ಅಷ್ಟೇ, ಕಟ್ಟಳೆಯಲ್ಲ.

ಹೋದದ್ದು ಬರುವುದೇ ಇಲ್ಲ ಅಂತಲೂ ಇಲ್ಲ. 2018ರಲ್ಲಿ ತೂತು ತೆಗೆದಿದ್ದ ಸೋನಿ 2020ರ ಎಕ್ಸ್‌ಪೀರಿಯಾ 1 II ಫೋನಿನಲ್ಲಿ ಮತ್ತೆ ತಂದಿತು. 1964ರಲ್ಲಿ ಇದನ್ನು ಸಾಕಿದವರೇ ಅಲ್ಲವೆ! ಐರೋಪ್ಯ ಒಕ್ಕೂಟ 2022ರಲ್ಲಿ ಒಂದೇ ಬಗೆಯ ಚಾರ್ಜಿಂಗ್ ಪಿನ್ನಿಗೆ ಕಾನೂನು ಮಾಡಿದ ಮೇಲೆ 2023ರ ಐಫೋನ್ 15ಕ್ಕೆ ಯುಎಸ್‌ಬಿ-ಸಿ ಬಂತು. ಗ್ರಾಹಕ ಗೊಣಗಿದಾಗ ಒಮ್ಮೆ, ಕಾನೂನು ಕೇಳಿದಾಗ ಒಮ್ಮೆ, ಹೀಗೆ ಇಲ್ಲದ್ದು ಇದೆ ಆಗಿದೆ. ಸುಮ್ಮನಿದ್ದಾಗ ಮಾತ್ರ ಆಗಿಲ್ಲ.

ಹಾಗಾಗಿ ಮುಂದಿನ ಸಲ ಅಂಗಡಿಗೆ ಹೋದಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: "ಇದರಲ್ಲಿ ಏನೇನಿಲ್ಲಪ್ಪ?" ಕೇಳಿ ಕೊಂಡರೆ ಡೆಬಿಟ್ ನಮ್ಮ ಸಹಿಯಿಂದಲೇ ಬಿದ್ದಂತೆ, ಅದರಲ್ಲಿ ದೂರಿಲ್ಲ. ಕೇಳದೆ ಬಿದ್ದರೆ ಬ್ಯಾಂಕಿನಲ್ಲಾದರೆ ನೀವು ಜಗಳಕ್ಕೆ ಬರುತ್ತೀರಿ. ಫೋನಿನಂಗಡಿಯಲ್ಲಿ ಯಾಕೆ ಸುಮ್ಮನಿರಬೇಕು? ಏನಂತೀರಿ?