ಸಾಸಿವೆಗಾತ್ರದ ಚಿಪ್ಪುಗಳ ಪೂರ್ವವೃತ್ತಾಂತ

ನಮ್ಮ ದೇವರಪೆಟ್ಟಿಗೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮದೊಳಗಿನ ಚಕ್ರವು ಪೂರ್ವಕಾಲದ ಸಮುದ್ರಜೀವಿಯೊಂದರ ಚಿಪ್ಪಿನ ಗುರುತೆಂಬುದನ್ನು ವಾಚಕರಲ್ಲಿ ಹಲವರು ಬಲ್ಲರು. ಆ ಜೀವಿಗಿಂತ ಬಹು ಹಿಂದೆ, ಇಂದಿಗೆ ಸುಮಾರು 53 ಕೋಟಿ ವರ್ಷಗಳ ಕೆಳಗೆ, ಕೇಂಬ್ರಿಯನ್ ಯುಗದ ಆರಂಭದಲ್ಲಿ ಬಾಳಿದ ಪ್ರಾಣಿಗಳ ಚಿಪ್ಪುಗಳೂ ಕಲ್ಲಿನಲ್ಲಿ ಉಳಿದು ಬಂದಿವೆ. ಅವುಗಳ ಗಾತ್ರವು ಬಹುಮಟ್ಟಿಗೆ ಸಾಸಿವೆಕಾಳಿನಷ್ಟು. ಗಾತ್ರವು ಕಿರಿದಾದರೂ ಅವು ಸಡಿಲಿಸಿದ ತೊಡಕು ಹಿರಿದು.

ಆ ತೊಡಕನ್ನು ಎತ್ತಿ ತೋರಿಸಿದವನು ಡಾರ್ವಿನ್ ಪಂಡಿತನೇ. ಶಿಲಾಸ್ತರಗಳಲ್ಲಿ ಟ್ರೈಲೋಬೈಟ್ ಮೊದಲಾದ ಸುಘಟಿತ ಪ್ರಾಣಿಗಳು ಥಟ್ಟನೆ ಕಾಣಿಸಿಕೊಳ್ಳುತ್ತವೆ. ಅವುಗಳ ಕೆಳಗಿನ ಸ್ತರಗಳು ಬರಿದಾಗಿ ತೋರುತ್ತಿದ್ದುವು. ಜೀವಿಗಳು ಕ್ರಮಕ್ರಮವಾಗಿ ಪರಿಣಮಿಸಿದುವೆಂಬ ತನ್ನ ವಾದಕ್ಕೆ ಇದು ಬಲವಾದ ಆಕ್ಷೇಪವೆಂದೂ, ತೃಪ್ತಿಕರವಾದ ಸಮಾಧಾನವು ತನ್ನಲ್ಲಿಲ್ಲವೆಂದೂ ಅವನು 1859ರ ತನ್ನ ಗ್ರಂಥದಲ್ಲಿ ಒಪ್ಪಿಕೊಂಡನು. ಪೂರ್ವಪಕ್ಷವನ್ನು ಮರೆಮಾಚದೆ ತಾನೇ ಮುಂದಿಡುವುದು ನಮ್ಮ ಶಾಸ್ತ್ರಕಾರರ ಪದ್ಧತಿಯೂ ಅಹುದಷ್ಟೆ.

ಸಮಾಧಾನದ ಒಂದು ಭಾಗವು ಶತಮಾನದ ಮೇಲೆ ದೊರೆಯಿತು. 1960ರ ದಶಕದಲ್ಲಿ ರಷ್ಯದ ವಿದ್ವಾಂಸರು ಸೈಬೀರಿಯದ ಲೆನಾ ಮತ್ತು ಆಲ್ಡಾನ್ ನದಿಗಳ ದಡದ ಸುಣ್ಣಕಲ್ಲುಗಳನ್ನು, ಟ್ರೈಲೋಬೈಟುಗಳು ಮೊದಲು ತೋರಿಬರುವ ಸ್ತರಕ್ಕಿಂತಲೂ ಕೆಳಗೆ, ಶೋಧಿಸಿದರು. ಸುತ್ತಿಗೆಯಿಂದ ಒಡೆದು ಬರಿಗಣ್ಣಿನಿಂದ ನೋಡುವವನಿಗೆ ಅಂತಹ ಕಲ್ಲಿನಲ್ಲಿ ಏನೂ ಕಾಣದು. ಅದನ್ನು ಸೌಮ್ಯವಾದ ಆಮ್ಲದಲ್ಲಿ ನೆನೆಯಿಟ್ಟರೆ ಸುಣ್ಣವು ಕರಗಿ, ಫಾಸ್ಫೇಟಿನಿಂದಾದ ಚಿಪ್ಪುಗಳು ಕರಗದೆ ತಳದಲ್ಲಿ ನಿಲ್ಲುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಅವು ಕೊಳವೆ, ಕೊಂಬು, ಮುಳ್ಳು, ಹುರುಪೆಗಳಾಗಿ ತೋರುತ್ತವೆ. 1975ರಲ್ಲಿ ಮ್ಯಾಥ್ಯೂಸ್ ಮತ್ತು ಮಿಸ್ಸಾರ್ಜೆವ್ಸ್ಕಿ ಎಂಬವರು ಇವಕ್ಕೆಲ್ಲ ‘ಸಣ್ಣ ಚಿಪ್ಪಿನ ಪಳೆಯುಳಿಕೆಗಳು’ ಎಂಬ ಅರ್ಥದ ಸಾಮಾನ್ಯನಾಮವನ್ನಿತ್ತರು. ನಮ್ಮ ದೇಶದಲ್ಲಿಯೂ, ಡೆಹರಾಡೂನಿನ ಬಳಿಯ ಮಾಲ್‌ದೇವತಾದ ಫಾಸ್ಫೇಟ್ ಶಿಲೆಗಳಲ್ಲಿ, ಇಂತಹವು ದೊರೆತಿವೆ.

ಆದರೆ ಈ ಚೂರುಗಳು ಯಾವ ಪ್ರಾಣಿಗಳವು? ನಾನು ಪಾಠಶಾಲೆಯಲ್ಲಿದ್ದಾಗ ದಾರ ಹರಿದ ಓಲೆಗರಿಯ ಕಟ್ಟೊಂದನ್ನು ನಾವು ಹುಡುಗರು ಮೂರು ಗ್ರಂಥಗಳೆಂದು ಬಗೆದು ಬೇರೆಬೇರೆಯಾಗಿ ಕಟ್ಟಿಟ್ಟೆವು. ಗುರುಗಳು ಓದಿ ನೋಡಿ, ಎಲ್ಲವೂ ಒಂದೇ ಗ್ರಂಥದ ಗರಿಗಳೆಂದು ನಗುತ್ತ ತೋರಿಸಿಕೊಟ್ಟರು. ಚಿಪ್ಪುಗಳ ವಿಷಯದಲ್ಲಿಯೂ ಇಂತಹ ಭ್ರಮೆಗೆ ಎಡೆಯಿತ್ತು. ಆಕಾರಕ್ಕೊಂದು ಹೆಸರು ಇಡಲ್ಪಡುತ್ತಿತ್ತು.

1967ರಲ್ಲಿ ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪದಲ್ಲಿ ದೊರೆತ ಬಿಡಿ ಹುರುಪೆಗಳಿಗೆ ಪೌಲ್ಸೆನ್ ಎಂಬ ವಿದ್ವಾಂಸನು ‘ಹಾಲ್ಕೀರಿಯ’ ಎಂದು ಹೆಸರಿಟ್ಟನು. 1984ರಲ್ಲಿ ಬೆಂಗ್ಟ್‌ಸನ್ ಮತ್ತು ಕಾನ್ವೇ ಮಾರಿಸ್ ಎಂಬವರು, ಇವು ಗೊಂಡೆಹುಳುವಿನಂತೆ ತೆವಳುವ ಪ್ರಾಣಿಯೊಂದರ ಮೈಗವಚದ ಬಿಡಿಭಾಗಗಳೆಂದು ಊಹಿಸಿದರು. 1989ರಲ್ಲಿ ಗ್ರೀನ್‌ಲೆಂಡಿನ ಉತ್ತರತುದಿಯಲ್ಲಿ ಆ ಪ್ರಾಣಿಯೇ ಇಡಿಯಾಗಿ ಕಲ್ಲಿನಲ್ಲಿ ದೊರೆಯಿತು! ಬೆರಳುದ್ದದ ಅದರ ಮೈಮೇಲೆ ಸುಮಾರು 2000 ಹುರುಪೆಗಳು ಸಾಲುಸಾಲಾಗಿ ಹೊಂದಿಕೊಂಡಿದ್ದುವು. ಊಹೆಯು ಬಹುಮಟ್ಟಿಗೆ ನಿಜವಾಯಿತು. ಆದರೆ ಮುಂದುಗಡೆ ಒಂದು, ಹಿಂದುಗಡೆ ಒಂದು, ಹೀಗೆ ಎರಡು ದೊಡ್ಡ ಚಿಪ್ಪುಗಳು ಇದ್ದುವು. ಇವನ್ನು ಯಾರೂ ಊಹಿಸಿರಲಿಲ್ಲ.

ಈ ವೃತ್ತಾಂತದಲ್ಲಿ ನಮಗೆ ಎರಡು ಪಾಠಗಳುಂಟು. ಕಾಣದುದೆಲ್ಲ ಇಲ್ಲದುದಲ್ಲ, ಬರಿದೆಂದು ತೋರಿದ ಕಲ್ಲು ಬರಿದಾಗಿರಲಿಲ್ಲ, ನೋಡುವ ಉಪಾಯವೊಂದೇ ತಿಳಿದಿರಲಿಲ್ಲ. ಹಾಗೆಯೇ, ದೊರೆತ ಚೂರೇ ಇಡಿಯ ವಸ್ತುವೂ ಅಲ್ಲ. ಹಳೆಯ ಕಾಲವನ್ನು ಕುರಿತು ಬರೆಯುವವರು, ಅದು ಶಾಸನದ ತುಂಡಾಗಲಿ, ಗ್ರಂಥದ ಗರಿಯಾಗಲಿ, ಕೈಗೆ ಬಂದ ಚೂರಿಗೆ ಹೆಸರಿಡುವ ಮುನ್ನ ಸ್ವಲ್ಪ ತಾಳಿಕೊಳ್ಳುವುದು ಲೇಸು.